ಅಂಗೈ ಗೆರೆ ಕಾಣುವವರೆಗೆ

ಆ ದಿನಗಳಲ್ಲಿ ಬೆಳಗಾವಿಯ ಮಳೆಗಾಲವೆಂದರೆ ಸೂರ್ಯನನ್ನು ಮರೆತುಬಿಡುವ ಕಾಲ. ಜೂನ್‌ನಲ್ಲಿ ಮೋಡದ ಹಿಂದೆ ಹೋದವನು ದಸರೆಗೆ ಮುಖ ತೋರಿಸಿದರೆ ನಮ್ಮ ಪುಣ್ಯ. ಶಹಾಪುರದ ನಮ್ಮ ಓಣಿಯಲ್ಲಿ ಬಟ್ಟೆ ಒಣಗುತ್ತಿರಲಿಲ್ಲ, ಗೋಡೆ ಒಣಗುತ್ತಿರಲಿಲ್ಲ, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಅರಿವೆ ಕೂಡ ಒಣಗುತ್ತಿರಲಿಲ್ಲ. ಬಾಜು ಮನೆಯ ಪವರ್‌ಲೂಮ್‌ಗಳು ಬೆಳಗಿನಿಂದ ಖಟಾಖಟ್ ಎಂದು ಬಡಿದುಕೊಳ್ಳುತ್ತಲೇ ಇರುತ್ತಿದ್ದವು. ಆ ಸದ್ದಿನಲ್ಲಿ ನಾವು ಮಾತಾಡುತ್ತಿರಲಿಲ್ಲ, ಒದರುತ್ತಿದ್ದೆವು. ಹೊಸದಾಗಿ ಬಂದ ನೆಂಟರು "ಯಾಕ ಜಗಳಾ ಆಡಾಕತ್ತೀರಿ?" ಎಂದು ಗಾಬರಿಯಿಂದ ಕೇಳಿದ್ದೂ ಉಂಟು.

ಮಳೆಗಾಲವನ್ನು ಹೊಗಳಿ ಬರೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬಿಸಿ ಮಿರ್ಚಿ, ಭಜಿ, ಕಿಟಕಿಯಲ್ಲಿ ಕೂತು ನೋಡುವ ಮಳೆ, ಅದೆಲ್ಲ ಹೊಟ್ಟೆ ತುಂಬಿದವರ ಮಾತು. ನನಗೆ ಮಳೆಗಾಲವೆಂದರೆ ನಮ್ಮ ಹಿತ್ತಿಲ ಕೋಣೆ, ಅಲ್ಲಿ ತನ್ನ ಅಂಗೈಯನ್ನು ಮುಖದ ಹತ್ತಿರ ಹಿಡಿದುಕೊಂಡು ಕೂತ ಸಣ್ಣಾಯಿ.

ಸಣ್ಣಾಯಿ ನಮ್ಮ ಅಜ್ಜನ ತಮ್ಮನ ಹೆಂಡತಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ, ಅದಕ್ಕೆ ಇವಳು ಸಣ್ಣಾಯಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಹೋದ. ಮಕ್ಕಳಿಲ್ಲ. ಅವಳನ್ನು ಯಾರೂ ಬೇಕೆಂದು ಇಟ್ಟುಕೊಂಡಿರಲಿಲ್ಲ, ಬೇಡವೆಂದು ಕಳಿಸಿಯೂ ಇರಲಿಲ್ಲ. ಅಜ್ಜ ಹೋದ, ದೊಡ್ಡಾಯಿ ಹೋದಳು, ಇವಳು ಮಾತ್ರ ಜೋಳದ ಚೀಲಗಳ ಜೊತೆ ಆ ಕೋಣೆಯಲ್ಲಿ ಉಳಿದುಕೊಂಡಳು. ಅವಳ ಹೆಸರು ರತ್ನವ್ವ ಎಂಬುದು ನನಗೆ ಗೊತ್ತಾದದ್ದೇ ನಾನು ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದ ಆ ವರ್ಷ. ಅಲ್ಲಿಯವರೆಗೆ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದು. ದೀಪಕ್ಕೆ ಬರುವ ಹುಳುಹುಪ್ಪಟೆ ಅನ್ನದಲ್ಲಿ ಬಿದ್ದು ಸತ್ತಾವು ಎಂಬ ದಯೆಯಿಂದ ಹುಟ್ಟಿದ ನೇಮ ಅದು. ಮಕ್ಕಳಾದ ನಮಗೆ ರಿಯಾಯಿತಿ ಇತ್ತು. ಆಟೋ ನಗರದಲ್ಲಿ ಲಾರಿ ಸಾಮಾನಿನ ಅಂಗಡಿ ಇಟ್ಟಿದ್ದ ಅಪ್ಪ ಬರುವುದೇ ಕತ್ತಲಾದ ಮೇಲೆ, ಗ್ರೀಸಿನ ವಾಸನೆ ಹೊತ್ತು. ಹೀಗಾಗಿ ಅವನೂ ರಿಯಾಯಿತಿ ತೆಗೆದುಕೊಂಡಿದ್ದ. ಅವ್ವ ಚಾತುರ್ಮಾಸದ ನಾಲ್ಕು ತಿಂಗಳು ಪಾಲಿಸುತ್ತಿದ್ದಳು. ಸಣ್ಣಾಯಿಗೆ ಮಾತ್ರ ವರ್ಷದುದ್ದಕ್ಕೂ ಅದೇ ನೇಮ.

ನಮ್ಮ ಮನೆಯಲ್ಲಿ ಬೇಕಾದಷ್ಟು ಗಡಿಯಾರ ಇದ್ದರೂ ಅವಳು ಹೊತ್ತು ನೋಡುತ್ತಿದ್ದದ್ದು ಅಂಗೈಯಲ್ಲಿ. ಒಮ್ಮೆ ಯಾಕೆಂದು ಕೇಳಿದೆ.

"ನನ್ನ ತವರು ಖಾನಾಪುರದ ಆಚಿಕ ಅಡವ್ಯಾಗ ಐತಿ," ಎಂದಳು. "ಅಲ್ಲಿ ಮಳಿ ಹಿಡೀತಂದ್ರ ಮೂರ ತಿಂಗಳ ಹೊತ್ತಿನ ಮಾರಿ ಕಾಣೂದಿಲ್ಲ. ಮತ್ತ ಹೊತ್ತ ಮುಳಗಿದ್ದ ಹೆಂಗ ತಿಳೀಬೇಕು? ನಮ್ಮವ್ವ ಹೇಳಿದ್ಲು, ಅಂಗಳದಾಗ ನಿಂತ ಅಂಗೈ ನೋಡು. ಗೆರಿ ಕಾಣೂತನಾ ಉಣ್ಣು. ಗೆರಿ ಹೋದವು, ಊಟಾ ಮುಗೀತು."

"ಗಡಿಯಾರ ನೋಡಿದ್ರ ಆಗೂದಿಲ್ಲೇನ?"

"ಗಡಿಯಾರ ನಿಂದರ್ತೈತಿ. ಅಂಗೈ ಎಲ್ಲಿ ನಿಂದರ್ತೈತಿ?"

ನನಗೂ ಅದು ಆಟವಾಯಿತು. ಸಂಜೆ ಶಾಲೆಯಿಂದ ಬಂದು ಅವಳ ಬಾಜೂಕೆ ಕೂತು ನನ್ನ ಅಂಗೈಯನ್ನೂ ಹಿಡಿಯುತ್ತಿದ್ದೆ. ದೊಡ್ಡ ಗೆರೆಗಳು ಕೊನೆಯವರೆಗೂ ಉಳಿಯುತ್ತಿದ್ದವು, ಸಣ್ಣವು ಮೊದಲು ಹೋಗುತ್ತಿದ್ದವು. ಅಷ್ಟರಲ್ಲಿ ಅವ್ವ ತಾಟು ತರುತ್ತಿದ್ದಳು. ಎರಡು ಭಕ್ರಿ, ಹೆಸರುಬೇಳೆ, ತುಪ್ಪ, ಕೊನೆಗೆ ಒಂದು ತುಣುಕು ಬೆಲ್ಲ. ಬೆಲ್ಲವೆಂದರೆ ಸಣ್ಣಾಯಿಗೆ ಜೀವ. ಅದನ್ನು ದವಡೆಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಮಾತೇ ಆಡುತ್ತಿರಲಿಲ್ಲ, ಕರಗೀತೆಂದು. ಊಟವಾದ ಮೇಲೆ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಮನೆ ಬರೆದು, ಕವಡೆ ಚೆಲ್ಲಿ ಚೌಕಾಬಾರ ಆಡುತ್ತಿದ್ದೆವು. ಮೋಸ ಮಾಡುವುದರಲ್ಲಿ ಅವಳು ನನ್ನ ಗುರು.

ಆ ವರ್ಷ ಶ್ರಾವಣ ಹಿಡಿಯುವ ಮೊದಲೇ ಸಣ್ಣಾಯಿಯ ಹೊತ್ತು ಬೇಗ ಮುಳುಗತೊಡಗಿತು. ಮೊದಲು ಅವ್ವ ಆರು ಗಂಟೆಗೆ ತಾಟು ತಂದರೆ, "ಹೊತ್ತ ಮುಳಗೇತಿ ಸೊಸಿ, ಒಯ್ಯಿ" ಎಂದಳು. ಮರುದಿನದಿಂದ ಅವ್ವ ಐದೂವರೆಗೆ ತಂದಳು. ವಾರ ಕಳೆಯುವುದರಲ್ಲಿ ಅದೂ ತಡವಾಯಿತು. ಐದಕ್ಕೆ ತಂದರೆ ಕೆಲವು ದಿನ ಉಂಡಳು, ಕೆಲವು ದಿನ ಅಂಗೈ ನೋಡಿ ತಲೆ ಅಲ್ಲಾಡಿಸಿದಳು. ತಾಟು ತಿರುಗಿ ಹೋಗುತ್ತಿತ್ತು. ಅವಳು ಸೋಸಿದ ನೀರನ್ನೂ ಕುಡಿಯದೆ ಮಲಗುತ್ತಿದ್ದಳು.

ಅವ್ವನಿಗೆ ಮೊದಮೊದಲು ಕಿರಿಕಿರಿ ಆಯಿತು. ಆಮೇಲೆ ಬಸದಿಯಲ್ಲಿ ಹೆಂಗಸರ ಹತ್ತಿರ ಹೇಳಿಕೊಂಡಳು. ಅಲ್ಲಿದ್ದ ಹಿರಿಯರೊಬ್ಬರು, "ಶಾಸ್ತ್ರದಾಗ ಹಂಗ ಐತಿ. ಹೊತ್ತ ಮುಳಗೂಕಿಂತ ಎರಡ ಗಳಿಗಿ ಮೊದಲ ನಿಲ್ಲಸಬೇಕು. ಅವರು ಅದಕ್ಕೂ ಮೊದಲ ನಿಲ್ಲಸ್ಯಾರಂದ್ರ ಎಂಥಾ ನೇಮ ನೋಡ್ರಿ," ಎಂದರಂತೆ. ಅಷ್ಟೇ ಸಾಕಾಯಿತು. ಓಣಿಯಿಂದ ಓಣಿಗೆ ಸುದ್ದಿ ಹೋಯಿತು. ಹಿತ್ತಿಲ ಕೋಣೆಗೆ ಎಂದೂ ಕಾಲಿಡದವರು ಬಂದು "ರತ್ನವ್ವಾರ, ಆಶೀರ್ವಾದ ಮಾಡ್ರಿ" ಎಂದು ಕಾಲು ಮುಟ್ಟತೊಡಗಿದರು. ಅಪ್ಪ ಕೂಡ ಜೋಳದ ಚೀಲಗಳನ್ನು ಅಲ್ಲಿಂದ ತೆಗೆಸಿದ. ಸಣ್ಣಾಯಿ ಬಿಳಿ ಸೀರೆಯ ಸೆರಗು ಹೊದ್ದು ಕೂತು ಎಲ್ಲರ ತಲೆಯ ಮೇಲೂ ಕೈ ಇಡುತ್ತಿದ್ದಳು. ಕುಪ್ಪಸದ ತೋಳು ಸಡಿಲವಾಗಿ ಜೋತಾಡುತ್ತಿತ್ತು. ಅದನ್ನು ನೋಡಿಯೂ ಜನ ಕೈ ಮುಗಿಯುತ್ತಿದ್ದರು. ಒಬ್ಬ ಮುದುಕಿ ಕಣ್ಣೆದುರಿಗೇ ಸೊರಗುತ್ತಿದ್ದಳು, ನಾವೆಲ್ಲ ಅದಕ್ಕೆ ಭಕ್ತಿ ಎಂದು ಹೆಸರಿಟ್ಟಿದ್ದೆವು.

ನನಗೆ ಗೊತ್ತಾದದ್ದು ಕವಡೆಯಿಂದ. ಒಂದು ರವಿವಾರ ಮಧ್ಯಾಹ್ನ ಆಡುವಾಗ ಅವಳು ಕವಡೆ ಚೆಲ್ಲಿ, ಅವುಗಳ ಮೇಲೆ ಕೈಯಾಡಿಸಿ, ಬೆರಳಿನಿಂದ ತಡವಿ "ಮೂರು" ಎಂದಳು. ಬಿದ್ದದ್ದು ನಾಲ್ಕು, ಚೌಕ. ಚೌಕ ಬಿದ್ದಾಗ ಮೂರು ಅನ್ನುವವಳಲ್ಲ ನಮ್ಮ ಸಣ್ಣಾಯಿ. ಮೂರು ಬಿದ್ದಾಗ ಚೌಕ ಅನ್ನುವವಳು.

"ಸಣ್ಣಾಯಿ, ನಿನಗ ಕವಡಿ ಕಾಣವಲ್ವೇನ?"

"ಕಾಣ್ತಾವ. ಸ್ವಲ್ಪ ಮಂಜ ಬಿದ್ದಂಗ ಆಗ್ತೈತಿ, ಅಷ್ಟ."

ನನಗೆ ಒಮ್ಮೆಲೇ ಎಲ್ಲ ತಿಳಿಯಿತು. "ಹೊತ್ತ ಮುಳಗಿರೂದಿಲ್ಲ. ನಿನಗ ಕಾಣೂದಿಲ್ಲ," ಎಂದೆ.

ಅವಳು ಕವಡೆಗಳನ್ನು ತಡವಿ ಕೂಡಿಸಿದಳು. "ನನಗ ಗೊತ್ತಿರೂದು ಅಂಗೈ ಒಂದ. ಗೆರಿ ಕಾಣಲಿಲ್ಲಂದ್ರ ಉಣಬಾರದು. ಅವು ಮಂಜಿಗೆ ಹೋದ್ವೋ, ಹೊತ್ತ ಮುಳಗಿ ಹೋದ್ವೋ, ನಾ ಹೆಂಗ ಹೇಳ್ಲಿ?"

"ಅವ್ವಗ ಹೇಳ್ತೀನಿ."

ಅವಳು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. "ಬ್ಯಾಡ ಪಮ್ಮಿ. ಇಷ್ಟ ವರ್ಷದಾಗ ಯಾರರ ನನ್ನ ಹೆಸರ ಹಿಡದ ಕರದಿದ್ರೇನ? ಈಗ ಕರೀತಾರ. ಬಂದ ಬಾಜೂಕ ಕುಂದರ್ತಾರ. ಕಣ್ಣ ಹೋಗ್ಯಾವು ಅಂತ ಗೊತ್ತಾತಂದ್ರ, ಮತ್ತ ಯಾರ ಬರ್ತಾರ ನನ್ನ ಕಡೆ?"

ನಾನಿನ್ನೂ ಹತ್ತು ವರ್ಷದ ಹುಡುಗಿ. ನಾನು ಅಳುತ್ತಾ ಕೂತೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಲು ಹೋಗಿ ಕಿವಿ ಒರೆಸಿದಳು.

ಭಾದ್ರಪದದ ಪರ್ವ ಬಂತು. ಕೊನೆಯ ದಿನ ಬಸದಿಯಲ್ಲಿ ವ್ರತ ಮಾಡಿದವರಿಗೆಲ್ಲ ಸನ್ಮಾನ. ಹಾಲು, ಎಳನೀರು, ಗಂಧದ ಅಭಿಷೇಕವಾಗಿ ನೆಲವೆಲ್ಲ ಅಂಟಂಟಾಗಿತ್ತು, ಮಳೆಗೆ ಒದ್ದೆಯಾದ ರೇಷ್ಮೆ ಸೀರೆಗಳ ವಾಸನೆ ಅದರಲ್ಲಿ ಬೆರೆತಿತ್ತು. "ರತ್ನವ್ವಾರ ಬರ್ರಿ" ಎಂದು ಕರೆದರು. ನಾನು ಕೈ ಹಿಡಿಯಲು ಹೋದೆ. ಅವಳು ಬಿಡಿಸಿಕೊಂಡು ಒಬ್ಬಳೇ ನಡೆದಳು. ಹಿರಿಯರು ಶಾಲು ಹಿಡಿದು ನಿಂತದ್ದು ಬಲಕ್ಕೆ. ಸಣ್ಣಾಯಿ ಎಡಕ್ಕೆ ಹೋದಳು. ಅಲ್ಲಿದ್ದ ಕಂಬದ ಎದುರು ನಿಂತು ಎರಡೂ ಕೈ ಜೋಡಿಸಿ, ತಲೆಬಾಗಿ, ಶಾಲು ಹೊದಿಸಲಿ ಎಂದು ಕಾಯ್ದಳು.

ಎಲ್ಲರೂ ಅತ್ತ ತಿರುಗಿ ನೋಡಿದರು. ನಾನು ಅಂದುಕೊಂಡೆ, ಈಗ ಎಲ್ಲರಿಗೂ ಗೊತ್ತಾಯಿತು, ಇನ್ನು ಸಣ್ಣಾಯಿ ಉಣ್ಣುತ್ತಾಳೆ. ಅಷ್ಟರಲ್ಲಿ ನನ್ನ ಹಿಂದೆ ಯಾರೋ "ಧ್ಯಾನದಾಗ ಮೈ ಮರತಾರ ನೋಡ್ರಿ" ಎಂದರು. ಜನ ಜಯಕಾರ ಹಾಕಿದರು. ಶಾಲು ಹಿಡಿದವರೇ ಕಂಬದವರೆಗೆ ಬಂದು ಹೊದಿಸಿದರು.

ಆಗ ನನ್ನಿಂದ ತಡೆಯಲಾಗಲಿಲ್ಲ. ಮನೆಗೆ ಬಂದವಳೇ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ನಂಬಲಿಲ್ಲ. ಮರುದಿನ ಮಧ್ಯಾಹ್ನ ಎರಡು ಗಂಟೆಗೆ ತಾಟು ತೆಗೆದುಕೊಂಡು ಹಿತ್ತಿಲ ಕೋಣೆಗೆ ಹೋದಳು, ನಾನೂ ಹಿಂದೆ ಹೋದೆ. ಆ ದಿನ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಬಾಗಿಲೊಳಗಿಂದ ಬಂದು ಸಣ್ಣಾಯಿಯ ಮಡಿಲಲ್ಲೇ ಬಿದ್ದಿತ್ತು. ಅವಳು ಆ ಬಿಸಿಲಿನಲ್ಲಿ ಅಂಗೈ ಬಿಚ್ಚಿ ನೋಡಿ, "ತಡಾ ಆತ ಸೊಸಿ. ಹೊತ್ತ ಮುಳಗೇತಿ," ಎಂದಳು.

ಅವ್ವ ತಾಟು ನೆಲಕ್ಕಿಟ್ಟು ಅವಳ ಎದುರು ಕೂತಳು. "ಅಯ್ಯ ನನ್ನ ಕರ್ಮ. ಎಷ್ಟ ದಿನದಿಂದ್ರಿ ಅತ್ಯಾರ?" ಎಂದಳು. ಸಣ್ಣಾಯಿ ಬಿಸಿಲಿನಲ್ಲಿ ಬಿಚ್ಚಿದ್ದ ಅಂಗೈಯನ್ನು ಮಡಚಿಕೊಂಡಳು.

ಆ ದಿನ ಒಂದು ಒಪ್ಪಂದವಾಯಿತು. ಗಡಿಯಾರದ ಮಾತನ್ನಂತೂ ಅವಳು ಒಪ್ಪಲಿಲ್ಲ. ಕೊನೆಗೆ ನಾನು ಅವಳ ಅಂಗೈ ಹಿಡಿದು, ನನ್ನ ಬೆರಳಿನಿಂದ ಒಂದೊಂದೇ ಗೆರೆಯ ಮೇಲೆ ಎಳೆಯುತ್ತ, "ಇದ ಕಾಣ್ತೈತಿ, ಇದೂ ಕಾಣ್ತೈತಿ," ಎಂದೆ. ಅವಳ ಮುಖ ಸಡಿಲಾಯಿತು. "ನಿನಗ ಕಾಣ್ತಾವೇನ ತಂಗಿ? ಖರೇ?" "ಖರೇ." ಅವಳು ಉಂಡಳು. ಎರಡು ಭಕ್ರಿ ಮುಗಿಸಿ ಮೂರನೆಯದಕ್ಕೂ ಕೈ ಚಾಚಿದಳು. ಅವ್ವ ಮುಖ ತಿರುಗಿಸಿ ನಿಂತಿದ್ದಳು.

ಅಪ್ಪನಿಗೆ ಸಣ್ಣಾಯಿ ಕಾಕೂ, ಅಂದರೆ ಚಿಕ್ಕಮ್ಮ. ಅವನಿಗೆ ಹೇಳಿದಾಗ "ಈ ವಾರ ಮುಗೀಲಿ, ಕಾಕೂನ ಡಾಕ್ಟರ ಕಡೆ ಕರಕೊಂಡ ಹೋಗೂಣು" ಎಂದ. ವಾರ ಮುಗಿಯಿತು. "ಮಳಿ ಕಡಿಮಿ ಆಗ್ಲಿ" ಎಂದ. ಅಪ್ಪ ಕೆಟ್ಟವನಲ್ಲ. ಸಣ್ಣಾಯಿಯ ವಿಷಯ ಯಾವಾಗಲೂ ನಾಳೆಗೆ ಇಡಬಹುದಾದ ವಿಷಯವಾಗಿತ್ತು, ಅಷ್ಟೇ. ಈ ನಡುವೆ ದಿನಾ ಗೆರೆ ನೋಡುವ ಕೆಲಸ ನನ್ನದು. ನಾನು ಶಾಲೆಗೆ ಹೋದಾಗ ಮಧ್ಯಾಹ್ನದ ಊಟಕ್ಕೆ ಅವ್ವ ನೋಡುತ್ತಿದ್ದಳು. ಯಾರಾದರೂ ನೋಡಿ ಹೇಳದೆ ಸಣ್ಣಾಯಿ ತುತ್ತು ಮುಟ್ಟುತ್ತಿರಲಿಲ್ಲ.

ಮಳೆಗಾಲದ ಕೊನೆಯಲ್ಲಿ ಖಾನಾಪುರದಲ್ಲಿ ಸೋದರಮಾವನ ಮಗುವಿನ ತೊಟ್ಟಿಲ ಕಾರ್ಯ ಬಂತು. ಅವ್ವ, ನಾನು ಹೊರಟೆವು. "ಕಣ್ಣ ಕಾಣದವ್ರನ್ನ ಈ ಮಳ್ಯಾಗ ಎಲ್ಲಿ ಕರಕೊಂಡ ಹೋಗೂದು?" ಎಂದು ಅಪ್ಪ ಅಂದ. ಹಿಂದಿನ ದಿನ ಚತುರ್ದಶಿ, ಸಣ್ಣಾಯಿಗೆ ಪೂರ್ತಿ ಉಪವಾಸ. ಅವ್ವ ನಸುಕಿನಲ್ಲೇ ಎದ್ದು ಅಡಿಗೆ ಮಾಡಿ, ತಾಟು ಮುಚ್ಚಿ ಅವಳ ಬಾಜೂಕೆ ಇಟ್ಟು, "ಅತ್ಯಾರ, ಇವರು ಅಂಗಡಿಯಿಂದ ಮಧ್ಯಾಹ್ನ ಬಂದ ಹೇಳ್ತಾರು, ಉಣ್ರಿ," ಎಂದಳು. ಅಪ್ಪ ತಲೆ ಅಲ್ಲಾಡಿಸಿದ.

ಖಾನಾಪುರದಲ್ಲಿ ಮನೆ ತುಂಬ ಜನ, ಅರ್ಧ ಕನ್ನಡ, ಅರ್ಧ ಮರಾಠಿ. ಹೊರಡುತ್ತೇವೆಂದರೆ "ಬಸಾ, ಜೇವೂನ ಜಾ" ಎಂದು ಹಿಡಿದು ಕೂರಿಸಿ ಎಲೆ ಹಾಕಿದರು. ಉಂಡು ಬಸ್ ಹತ್ತಿದಾಗ ಮೂರೂವರೆ. ದಾರಿಯಲ್ಲಿ ಮರ ಬಿದ್ದು ಬಸ್ ನಿಂತುಬಿಟ್ಟಿತು. ಕಂಡಕ್ಟರ್ ಇಳಿದು ಹೋದ, ಗಂಡಸರು ಇಳಿದು ಹೋದರು. ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ನಾನು ತೊಡೆಯ ಮೇಲೆ ಅಂಗೈ ಬಿಚ್ಚಿಕೊಂಡು ಕೂತಿದ್ದೆ. ಬಸ್ ಮತ್ತೆ ಹೊರಟಾಗ ಸಣ್ಣ ಗೆರೆಗಳು ಹೋಗಿದ್ದವು. ತಿರುಗಿ ನೋಡಿದರೆ ಅವ್ವನೂ ಸೆರಗಿನ ಕೆಳಗೆ ತನ್ನ ಅಂಗೈ ನೋಡುತ್ತಿದ್ದಳು.

"ಅಪ್ಪ ಹೋಗಿರ್ತಾನ ಬಿಡು," ಎಂದಳು, ನಾನು ಏನೂ ಕೇಳದಿದ್ದರೂ.

ಅಪ್ಪ ಹೋಗಿರಲಿಲ್ಲ. ಅಂಗಡಿಯಲ್ಲಿ ಯಾವುದೋ ಲಾರಿಯ ಗಿರಾಕಿ, ಮರೆತಿದ್ದ. ನಾವು ಓಣಿಗೆ ಬಂದಾಗ ಕರೆಂಟು ಹೋಗಿತ್ತು. ಮಗ್ಗಗಳು ನಿಂತಿದ್ದವು. ಆ ಓಣಿ ಅಷ್ಟು ಸುಮ್ಮನಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಚಪ್ಪಲಿಯ ಸದ್ದು ನಮಗೇ ಕೇಳುತ್ತಿತ್ತು. ಹಿತ್ತಿಲ ಕೋಣೆಯಲ್ಲಿ ಸಣ್ಣಾಯಿ ಗೋಡೆಗೆ ಒರಗಿ ಕೂತಿದ್ದಳು, ಒಂದು ಕೈ ಮುಚ್ಚಿದ ತಾಟಿನ ಮೇಲೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು.

"ಬಂದ್ರೇನ?" ಎಂದಳು. ದನಿ ಬಹಳ ಸಣ್ಣದಾಗಿತ್ತು. "ಯಾರೂ ಬರಲಿಲ್ಲ. ಹೊತ್ತ ಐತೋ ಹೋಗೇತೋ ತಿಳೀಲಿಲ್ಲ ನನಗ. ಐತೇನ ಇನ್ನಾ?"

ನಾನು ಅಂಗಳಕ್ಕೆ ಓಡಿ ನನ್ನ ಕೈ ನೋಡಿದೆ. ಕೈ ಇದೆ ಎಂದಷ್ಟೇ ಗೊತ್ತಾಗುತ್ತಿತ್ತು. ಒಂದು ಗೆರೆಯೂ ಇರಲಿಲ್ಲ. ತಿರುಗಿ ಬಂದಾಗ ಅವ್ವ ತಾಟಿನ ಮುಂದೆ ಕೂತು, ಒದ್ದೆ ಸೀರೆಯಲ್ಲೇ, "ಐತ್ರಿ ಅತ್ಯಾರ. ಇನ್ನಾ ಹೊತ್ತೈತಿ. ಉಣ್ರಿ," ಎನ್ನುತ್ತಿದ್ದಳು. ಚಾತುರ್ಮಾಸದಲ್ಲಿ ಅವ್ವ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಸಣ್ಣಾಯಿ ನನ್ನ ಕಡೆಗೆ ಅಂಗೈ ಚಾಚಿದಳು. "ಪಮ್ಮಿ?"

ನಾನು ಆ ಕೈ ಹಿಡಿದು, ಕತ್ತಲಲ್ಲೇ, ದಿನಾ ಎಳೆದು ನನ್ನ ಬೆರಳಿಗೆ ಬಾಯಿಪಾಠವಾಗಿದ್ದ ಆ ಗೆರೆಗಳ ಮೇಲೆ ಒಂದೊಂದಾಗಿ ಬೆರಳು ಎಳೆದೆ. ಒಂದನ್ನೂ ಬಿಡಲಿಲ್ಲ.

ಅವಳು ಇನ್ನೊಂದು ಕೈಯಿಂದ ತಾಟನ್ನು ತಡವಿದಳು. ಆಮೇಲೆ ಅವ್ವನಿಗೆ, "ಹೊತ್ತಿದ್ರ ನೀನೂ ಉಣ್ಣಲ್ಲಾ ಮತ್ತ. ದಣದ ಬಂದಿ," ಎಂದಳು.

ಅವ್ವ ನನ್ನ ಮುಖ ನೋಡಿದಳು. ಭಕ್ರಿ ಮುರಿದು, ಬೇಳೆಯಲ್ಲಿ ಅದ್ದಿ, ಸಣ್ಣಾಯಿಯ ಕೈಗೆ ಒಂದು ತುತ್ತು ಕೊಟ್ಟು, ತಾನೂ ಒಂದು ತುತ್ತು ಹಿಡಿದಳು. ಆಗಲೇ ಓಣಿಯ ಆಚೆ ಮಸೀದಿಯಿಂದ ಸಂಜೆಯ ಆಜಾನ್ ಶುರುವಾಯಿತು. ಹೊತ್ತು ಮುಳುಗಿದ ಮೇಲೆ ಕೂಗುವ ಆಜಾನ್ ಅದು, ಬ್ಯಾಟರಿಯಿಂದ ನಡೆಯುವ ಭೋಂಗಾ ಸ್ಪೀಕರಿನಲ್ಲಿ. ಮಗ್ಗಗಳ ಸದ್ದಿನಲ್ಲಿ ಹಿತ್ತಿಲ ಕೋಣೆಗೆ ಎಂದೂ ಕೇಳಿಸುತ್ತಿರಲಿಲ್ಲ. ಆ ದಿನ ಒಂದೊಂದು ಅಕ್ಷರವೂ ಕೇಳಿಸಿತು. ಶಹಾಪುರದಲ್ಲಿ ಅಷ್ಟು ವರ್ಷ ಬಾಳಿದವಳಿಗೆ ಅದು ಯಾವ ಹೊತ್ತಿನ ಕೂಗು ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸಣ್ಣಾಯಿಯ ಕೈ ಬಾಯಿಯ ಹತ್ತಿರ ನಿಂತಿತು. ಅವ್ವನ ಕೈಯೂ ನಿಂತಿತು. ಆಜಾನ್ ಮುಗಿಯುವವರೆಗೆ ಇಬ್ಬರೂ ಹಾಗೇ ಇದ್ದರು.

"ಇಬ್ರೂ ಹೇಳೀರಿ," ಎಂದಳು ಸಣ್ಣಾಯಿ ಕೊನೆಗೆ. "ಹಂಗಾದ್ರ ಐತಿ." ಅಂದು ತುತ್ತನ್ನು ಬಾಯಿಗಿಟ್ಟುಕೊಂಡಳು. ಅವ್ವನೂ ಇಟ್ಟುಕೊಂಡಳು. ಕತ್ತಲಲ್ಲಿ ಇಬ್ಬರೂ ಅಗಿಯುವ ಸದ್ದು ಕೇಳುತ್ತಾ ನಾನು ಆ ಕೈ ಹಿಡಿದೇ ಕೂತಿದ್ದೆ. ನಮ್ಮವರಲ್ಲಿ ಅದು ಪಾಪ. ಯಾರು ಏನೇ ಅನ್ನಲಿ, ಆ ಸಂಜೆಗಾಗಿ ನಾನು ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಮರುದಿನ ಅಪ್ಪ ಅಂಗಡಿ ತೆರೆಯದೆ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿನ ನರಗಳು ಒಣಗಿವೆ, ಮೊದಲೇ ತರಬೇಕಿತ್ತು ಎಂದರಂತೆ. ಸುದ್ದಿ ಓಣಿಗೆ ಗೊತ್ತಾಯಿತು. "ನೇಮ ಅಲ್ಲಂತ, ಕಣ್ಣ ಹೋಗಿದ್ದುವಂತ" ಎಂದು, ತಮಗೇ ಮೋಸವಾದವರ ಹಾಗೆ ಮಾತಾಡಿಕೊಂಡರು. ಕಾಲು ಮುಟ್ಟುವವರು ಬರುವುದು ನಿಂತಿತು. ಸಣ್ಣಾಯಿ ಹೇಳಿದಂತೆಯೇ ಆಯಿತು. ದೀಪಾವಳಿಯ ಹೊತ್ತಿಗೆ ಜೋಳದ ಚೀಲಗಳು ತಿರುಗಿ ಆ ಕೋಣೆಗೆ ಬಂದವು. ಅವಳಿಗೆ ಬಾಗಿಲಲ್ಲಿ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಸೆರಗು ಸರಿಮಾಡಿಕೊಂಡು ಕೈ ಎತ್ತಿ ಕೂರುತ್ತಿದ್ದಳು. ಬಂದವಳು ನಾನೇ ಆಗಿರುತ್ತಿದ್ದೆ.

ಅಂಗೈಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕರೆದರೆ ಉಣ್ಣುತ್ತಿದ್ದಳು, ಕೇಳದೆ. ಬೆಲ್ಲ ಮಾತ್ರ ಬಿಟ್ಟಳು. ತಾಟಿನಲ್ಲಿ ಇಟ್ಟರೆ ತಡವಿ ತೆಗೆದು ನನ್ನ ಕೈಗೆ ಕೊಡುತ್ತಿದ್ದಳು. ಯಾಕೆಂದರೆ "ಸಾಕಾತ ನನಗ" ಎನ್ನುತ್ತಿದ್ದಳು. ತಪ್ಪಾದರೆ ಬಹಳ ಇಷ್ಟವಾದದ್ದೊಂದನ್ನು ಜೀವ ಇರುವವರೆಗೆ ಬಿಡುವುದು ನಮ್ಮವರ ಪದ್ಧತಿ. ಮುಂದಿನ ಬೇಸಿಗೆಯಲ್ಲಿ, ಮೊದಲ ಮಳೆ ಬೀಳುವ ಮೊದಲೇ, ಅವಳು ಹೋದಳು. ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ.

ಈಗ ನಾನಿರುವುದು ಶಿವಬಸವ ನಗರದಲ್ಲಿ. ಅವ್ವ ನನ್ನ ಜೊತೆಗಿದ್ದಾಳೆ. ಹೊತ್ತು ಮುಳುಗುವುದು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆಂದು ಅವಳ ಮೊಬೈಲಿನಲ್ಲಿ ಬಸದಿಯ ಗುಂಪಿನವರು ದಿನಾ ಬೆಳಿಗ್ಗೆಯೇ ಕಳಿಸುತ್ತಾರೆ. ಶಹಾಪುರದ ಆ ಓಣಿಯಲ್ಲಿ ಬಹಳಷ್ಟು ಮಗ್ಗಗಳು ಗುಜರಿಗೆ ಹೋದವು. ಈಗ ಅಲ್ಲಿ ಐದೂ ಹೊತ್ತಿನ ಆಜಾನ್ ಚೆನ್ನಾಗಿ ಕೇಳಿಸುತ್ತದಂತೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಅವರವರ ಕೋಣೆಯಲ್ಲಿ, ಅವರವರ ತಾಟಿನಲ್ಲಿ. ಹೋದ ತಿಂಗಳು ನನ್ನ ಮಗಳು ಹೋಳಿಗೆಯ ಬೆಲ್ಲದ ಹೂರಣವನ್ನು ಅವ್ವನ ಬಾಯಿಗೆ ಹಿಡಿದಳು. ಅವ್ವ ಮುಖ ಹಿಂದೆ ತೆಗೆದಳು.

"ಆಯಿ, ಬೆಲ್ಲ ಯಾಕ ತಿನ್ನೂದಿಲ್ಲ ನೀ? ಸಕ್ರಿ ಕಾಯಿಲೆ ಏನೂ ಇಲ್ಲಲ್ಲಾ?"

"ಸಾಕಾತ ನನಗ," ಎಂದಳು ಅವ್ವ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದು ನಾನದನ್ನು ಗಮನಿಸಿರಲಿಲ್ಲ.

ಆ ಸಂಜೆ ಬಾಲ್ಕನಿಗೆ ಹೋಗಿ ಅಂಗೈ ಬಿಚ್ಚಿ ನಿಂತೆ. ಗೆರೆಗಳು ಹೋಗಲಿ ಎಂದು ಕಾಯ್ದೆ. ಅವು ಹೋಗುವ ಮೊದಲೇ ಬೀದಿಯ ದೀಪ ಹತ್ತಿಕೊಂಡಿತು, ಎಲ್ಲ ಗೆರೆಗಳೂ ಹಾಗೇ ಉಳಿದವು. ಈಗ ರಾತ್ರಿಯಿಡೀ ಕಾಣುತ್ತವೆ. ಕಾಣುತ್ತವೇನೆಂದು ಕೈ ಚಾಚಿ ಕೇಳುವವಳು ಇಲ್ಲ.